ಕರಿ ಕಂಬಳಿ: ಹೆಸರು, ಹುಟ್ಟು ಮತ್ತು ಇಂದಿನ ಪಾಡು

ಬೆಂಗಳೂರಿನ ಬನಶಂಕರಿ ಎರಡನೆಯ ಹಂತದಲ್ಲಿ ನಮ್ಮ ಮನೆಯ ಎದುರಿಗೆ ಹಳೆಯ ಮನೆಯೊಂದನ್ನು ಕೆಡವಿ ನಾಲ್ಕು ಅಂತಸ್ತಿನ ಕಟ್ಟಡ ಎಬ್ಬಿಸುತ್ತಿದ್ದಾರೆ. ರಾತ್ರಿ ಕಾವಲಿಗೆ ಕೊಪ್ಪಳದ ಕಡೆಯ ಹುಡುಗನೊಬ್ಬ ಇದ್ದಾನೆ. ಕಳೆದ ಚಳಿಗಾಲದಲ್ಲಿ ಒಂದು ಮುಂಜಾನೆ ಹಾಲು ತರಲು ಹೊರಟಾಗ ಅವನು ಜಲ್ಲಿ ರಾಶಿಯ ಪಕ್ಕದಲ್ಲಿ ಕರಿ ಕಂಬಳಿ ಹೊದ್ದು ಕುಳಿತಿದ್ದ. ಮಂಜು ಬಿದ್ದು ಕಂಬಳಿಯ ಮೇಲೆಲ್ಲ ಸಣ್ಣ ಹನಿಗಳು ಮುತ್ತಿನಂತೆ ನಿಂತಿದ್ದವು. ಒಳಗೆ ಹುಡುಗ ಬೆಚ್ಚಗಿದ್ದ.

"ಎಲ್ಲಿ ತಂದದ್ದಪ್ಪ ಈ ಕಂಬಳಿ?" ಎಂದು ಕೇಳಿದೆ.

"ನಮ್ಮಜ್ಜ ನೇಯ್ದದ್ದು ರೀ ಸರ. ಈಗ ನಮ್ಮ ಮನ್ಯಾಗ ಯಾರೂ ನೇಯಂಗಿಲ್ಲ. ಕುರಿ ಅದಾವು, ಆದ್ರ ಉಣ್ಣಿ ಕೇಳೋರಿಲ್ಲ. ಕತ್ತರಿಸಿದ್ದನ್ನ ಬೇಲಿಗೆ ಒಗೀತೀವಿ. ಕತ್ತರಿಸೋ ಕೂಲಿ ನಮ್ಮ ಕೈಯಿಂದಾನ ಹೋಗತೈತಿ. ಅಪ್ಪ ಈ ಸಲ ಉಣ್ಣಿ ಬರದಂಥ ಟಗರು ತರಬೇಕಂತಾನ. ನೀವು ಹೊಲಮನಿ ಇಲಾಖೆಯೋರು, ಏನಂತೀರಿ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲು ಅವನು ಹೊದ್ದಿದ್ದ ಬಟ್ಟೆ ಏನು, ಅದರ ನೂಲು ಎಂಥದು ಎಂಬುದನ್ನು ನೋಡೋಣ. ಅದು ತಿಳಿಯದೆ ಟಗರಿನ ಮಾತು ಆಡುವುದು ಸರಿಯಲ್ಲ.

ಹೆಸರಿನ ಬೇರು

ಕಂಬಳಿ ಎಂಬ ಮಾತು ಸಂಸ್ಕೃತದ ಕಂಬಲದಿಂದ ಬಂದದ್ದು. ಅಥರ್ವವೇದದಲ್ಲೇ ಆ ಶಬ್ದ ಹೊದಿಕೆ ಎಂಬ ಅರ್ಥದಲ್ಲಿ ಸಿಗುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಭಂಡಾರಕ್ಕೆ ಸೇರಬೇಕಾದ ಬೆಲೆಯುಳ್ಳ ವಸ್ತುಗಳನ್ನು ಹೇಳುವಾಗ ಕುರಿಯ ಉಣ್ಣೆಯ ಹಲವು ಬಗೆಯ ಬಟ್ಟೆಗಳ ಪಟ್ಟಿಯಲ್ಲಿ ಕಂಬಲವೂ ಇದೆ. ಬುದ್ಧನ ಕಾಲದಲ್ಲಿ ಕೂದಲಿನ ಕಂಬಳಿಯನ್ನೇ ಉಡುತ್ತಿದ್ದ ಒಬ್ಬ ಗುರುವಿಗೆ ಅಜಿತ ಕೇಸಕಂಬಲಿ ಎಂದೇ ಹೆಸರಾಯಿತು. ಉಣ್ಣೆ ಎಂಬುದೂ ಸಂಸ್ಕೃತದ ಊರ್ಣಾ ಎಂಬುದರ ಮಗು. ಜೇಡಕ್ಕೆ ಊರ್ಣನಾಭ ಎನ್ನುವುದೂ ಇದರಿಂದಲೇ. ಇಂಗ್ಲಿಷಿನ ವುಲ್ ಕೂಡ ಇದೇ ಬಳಗದ ಮಾತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಆದರೆ ಕುರಿ, ಕುರುಬ, ನೂಲು, ಮಗ್ಗ, ಹಾಸು, ಹೊಕ್ಕು ಇವೆಲ್ಲ ನಮ್ಮ ನೆಲದ ಮಾತುಗಳು. ಸರಕಿನ ಹೆಸರು ಉತ್ತರದಿಂದ ಬಂದರೂ ಕೆಲಸದ ಹೆಸರುಗಳು ಇಲ್ಲಿಯವೇ ಉಳಿದುಕೊಂಡಿವೆ. ನಮ್ಮ ಕಂಬಳಿ ಇಂಗ್ಲಿಷರ ಬಾಯಿಗೂ ಬಿದ್ದು ಕಂಬ್ಲಿ ಎಂದು ಅವರ ನಿಘಂಟು ಸೇರಿತು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಕುರುಬರ ಕುರಿ ಸಾಕಣೆ, ಕಂಬಳಿ ನೇಯ್ಗೆ ಎರಡನ್ನೂ ಬರೆದಿಟ್ಟಿದ್ದಾನೆ. ಪಕ್ಕದ ತೆಲುಗರು ಗೊಂಗಡಿ ಎಂದರೆ ಮರಾಠಿಗರು ಘೋಂಗಡಿ ಎನ್ನುತ್ತಾರೆ, ಬಟ್ಟೆ ಒಂದೇ.

ರೈತರಿಗೆ ಈ ಹೆಸರು ಇನ್ನೊಂದು ಕಡೆಯಿಂದಲೂ ಪರಿಚಿತ. ಶೇಂಗಾ ಹೊಲವನ್ನು ಬೋಳು ಮಾಡುವ ಕೆಂಪು ತಲೆಯ ಕಂಬಳಿಹುಳುವಿಗೆ ಮೈತುಂಬ ಇರುವ ಒರಟು ಕೂದಲಿನಿಂದಲೇ ಆ ಹೆಸರು.

ಹಾಲುಮತದ ಹಿರಿಯರು ಹೇಳುವ ಕಥೆಯಲ್ಲಿ ಕುರಿ ಮೊದಲು ಹುತ್ತದೊಳಗಿತ್ತು. ಉಂಡಾಡು ಪದ್ಮಣ್ಣ ಹೊಲ ಉಳುವಾಗ ನೇಗಿಲು ತಗುಲಿ ಹುತ್ತ ಒಡೆದು ಹಿಂಡು ಹೊರಗೆ ಬಂತು. ಕುರಿ ಸಿಕ್ಕಿದ್ದು ಉಳುವವನ ನೇಗಿಲಿಗೆ ಎಂಬುದು ನನಗೆ ಈ ಕಥೆಯಲ್ಲಿ ಹಿಡಿಸಿದ ಮಾತು. ಕುರುಬರಲ್ಲಿ ಉಣ್ಣೆ ಕಂಕಣದವರು, ಹತ್ತಿ ಕಂಕಣದವರು ಎಂಬ ಎರಡು ಪಂಗಡಗಳುಂಟು. ಮದುವೆಯಲ್ಲಿ ಮಣಿಕಟ್ಟಿಗೆ ಕಟ್ಟುವ ದಾರ ಯಾವ ನೂಲಿನದು ಎಂಬುದರಿಂದ ಬಂದ ಹೆಸರು ಅದು. ಒಂದು ಎಳೆ ನೂಲು ಕುಲದ ಗುರುತಾಗುವಷ್ಟು ದೊಡ್ಡದಾಗಿತ್ತು.

ಕಂಬಳಿ ಒಂದು ಜಾತಿಯ ಸೊತ್ತೂ ಅಲ್ಲ. ಕರಿ ಕಂಬಳಿಯನ್ನು ಮಡಿಸಿ ಹಾಸಿ, ಮೇಲೆ ಅಕ್ಕಿ ಹರಡಿ, ವೀಳ್ಯ ಇಟ್ಟು ಗದ್ದುಗೆ ಮಾಡುವುದು ಹಳೆಯ ಮೈಸೂರಿನ ಎಷ್ಟೋ ಒಕ್ಕಲು ಮನೆತನಗಳಲ್ಲಿ ಮದುವೆಗೂ ದೇವರ ಕಾರ್ಯಕ್ಕೂ ನಡೆದುಬಂದ ಪದ್ಧತಿ. ಮೈಲಾರಲಿಂಗನ ಗೊರವಪ್ಪಗಳು ತೊಡುವುದು ಕರಿ ಕಂಬಳಿಯ ನಿಲುವಂಗಿ. ಕಂಬಳಿ ಬೀಸಿದರೆ ಮಳೆ ಬಂದೀತೆಂಬ ನಂಬಿಕೆ ಹಾಲುಮತದಲ್ಲಿದೆ. ಬ್ರಾಹ್ಮಣರ ಮನೆಯಲ್ಲಿ ಮಡಿಗೆ ಉಡುವ ಧಾವಳಿಯೂ ಉಣ್ಣೆಯದೇ. ಉಣ್ಣೆಗೆ ಮೈಲಿಗೆ ತಟ್ಟದು ಎಂಬ ಎಣಿಕೆ ಅದರ ಹಿಂದಿದೆ. ಈಗ ಸಭೆಗಳಲ್ಲಿ ಗಣ್ಯರಿಗೆ ಕಂಬಳಿ ಹೊದಿಸಿ ಗೌರವಿಸುವುದು ವಾಡಿಕೆಯಾಗಿದೆ. ಹೊದಿಸಿದ್ದು ಹಲವು ಸಲ ಪಾಣಿಪತ್ತಿನ ಗಿರಣಿಯಲ್ಲಿ ಹಳೆಯ ಬಟ್ಟೆ ಸಿಗಿದು ಮಾಡಿದ ನೂಲಿನದಾಗಿರುತ್ತದೆ ಎಂಬುದು ಬೇರೆ ಮಾತು.

ನೂಲು ಆಗುವ ಬಗೆ

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೆಲವು ವರ್ಷ ಚಳ್ಳಕೆರೆ ತಾಲ್ಲೂಕಿನಲ್ಲಿದ್ದೆ. ಶೇಂಗಾ ಬೀಜೋಪಚಾರ ಹೇಳಲು ಹೋದ ಹಳ್ಳಿಗಳಲ್ಲಿ ಜಗಲಿಯ ಮೇಲೆ ರಾಟೆ ತಿರುಗುವುದನ್ನು ನೋಡುತ್ತಾ ಕುಳಿತದ್ದುಂಟು. ಕಂಡದ್ದನ್ನು ಬರೆಯುತ್ತೇನೆ.

ದಖನಿ ಮತ್ತು ಬಳ್ಳಾರಿ ಕುರಿಗಳಿಗೆ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ. ಜಾಣ ಕುರಿಗಾರ ಮೊದಲು ಹಿಂಡನ್ನು ಕೆರೆಗೋ ಹಳ್ಳಕ್ಕೋ ಇಳಿಸಿ ಮೈ ತೊಳೆದು, ಬಿಸಿಲಿಗೆ ಒಣಗಿಸಿ ಆಮೇಲೆ ಕತ್ತರಿಸುತ್ತಾನೆ. ಒಂದು ಕುರಿಯಿಂದ ವರ್ಷಕ್ಕೆ ಸಿಗುವ ಉಣ್ಣೆ ಅರ್ಧ ಕಿಲೋ ಆಸುಪಾಸು. ಎರಡು ಕಿಲೋ ತೂಗುವ ಕಂಬಳಿಗೆ ಕಸ, ಜಿಡ್ಡು ಕಳೆದು ಲೆಕ್ಕ ಹಾಕಿದರೆ ಐದಾರು ಕುರಿಗಳ ಒಂದು ವರ್ಷದ ಉಣ್ಣೆ ಬೇಕು. ಕರಿ, ಕಂದು, ಬೂದು, ಬಿಳಿ ಎಂದು ಬಣ್ಣಕ್ಕೆ ತಕ್ಕಂತೆ ವಿಂಗಡಿಸುವುದು ಕತ್ತರಿಸುವಾಗಲೇ ಆಗಬೇಕು. ಒಮ್ಮೆ ಬೆರೆತರೆ ಬೇರ್ಪಡಿಸುವುದು ಕಷ್ಟ. ಮರಿಯ ಮೊದಲ ಕತ್ತರಿಯ ಉಣ್ಣೆ ಎಲ್ಲಕ್ಕಿಂತ ಮೃದು. ಅದನ್ನು ಬೇರೆಯಾಗಿಯೇ ಇಡುತ್ತಾರೆ.

ಮುಳ್ಳು ಕಸ ಆಯ್ದ ಉಣ್ಣೆಯನ್ನು ಬಿಲ್ಲಿನಿಂದ ಹಿಂಜಿ ಹಗುರ ಮಾಡಿ, ಹಂಜಿ ಕಟ್ಟಿ ರಾಟೆಗೆ ಕೊಡುತ್ತಾರೆ. ನೂಲುವುದು ಹೆಂಗಸರ ಕೆಲಸ, ನೇಯುವುದು ಹೆಚ್ಚಾಗಿ ಗಂಡಸರದು. ಕುರಿ ಕಾಯುವವನು ಹಿಂಡಿನ ಹಿಂದೆ ನಡೆಯುತ್ತಲೇ ಕೈಕದಿರು ತಿರುಗಿಸಿ ನೂಲುವುದೂ ಉಂಟು. ಹಾಸಿನ ನೂಲಿಗೆ ಹುರಿ ಬಿಗಿಯಾಗಿರಬೇಕು, ಹೊಕ್ಕಿನದು ಸಡಿಲವಾಗಿದ್ದರೂ ನಡೆದೀತು. ನಾನೊಮ್ಮೆ ಒಬ್ಬ ಅಜ್ಜಿಯ ರಾಟೆಯ ಮುಂದೆ ಕುಳಿತು ನೂಲಲು ನೋಡಿದೆ. ಗೇಣುದ್ದ ಎಳೆಯುವಷ್ಟರಲ್ಲಿ ಕಿತ್ತುಹೋಯಿತು. "ನೀನು ಬಲ ಹಾಕ್ತೀಯ ಕಣಪ್ಪ. ಉಣ್ಣೆ ತಾನಾಗೇ ಬರ್ತದೆ, ಅದು ಬಂದಷ್ಟು ಬಿಡಬೇಕು" ಎಂದರು. ಉಣ್ಣೆಯ ಎಳೆಯ ಮೈಮೇಲೆ ಕಣ್ಣಿಗೆ ಕಾಣದ ಹುರುಪೆಗಳಿವೆ. ಅವು ಒಂದಕ್ಕೊಂದು ಕೊಕ್ಕೆ ಹಾಕಿ ಹಿಡಿದುಕೊಳ್ಳುತ್ತವೆ. ಪುಸ್ತಕದಲ್ಲಿ ಓದಿದ್ದ ನನಗೆ ಅಜ್ಜಿಯ ಮಾತಿನ ಅರ್ಥ ಆದದ್ದು ಆವತ್ತು.

ಈ ಕಸುಬಿನ ಗುಟ್ಟು ಹುಣಸೆ ಬೀಜದ ಗಂಜಿಯಲ್ಲಿದೆ. ಬೀಜವನ್ನು ಹುರಿದು, ಮೇಲಿನ ಕಂದು ಸಿಪ್ಪೆ ತೆಗೆದು, ನೆನೆಹಾಕಿ, ರುಬ್ಬಿ, ಕುದಿಸಿ ಅಂಟು ಮಾಡುತ್ತಾರೆ. ಹಾಸನ್ನು ಬಯಲಲ್ಲಿ ಎಳೆದು ಕಟ್ಟಿ ಕುಂಚದಿಂದ ಈ ಗಂಜಿ ಸವರುತ್ತಾರೆ. ಒರಟು ಉಣ್ಣೆಯ ನೂಲಿನಿಂದ ಎಳೆಗಳು ಹೊರಚಾಚಿರುತ್ತವೆ. ಗಂಜಿ ಅವನ್ನು ಮಲಗಿಸಿ, ಮಗ್ಗದ ಎಳೆದಾಟಕ್ಕೆ ನೂಲು ತಾಳುವಂತೆ ಮಾಡುತ್ತದೆ. ಹುಣಸೆ ಬೀಜದ ಹಿಟ್ಟನ್ನು ಹತ್ತಿ ಮತ್ತು ಸೆಣಬಿನ ದೊಡ್ಡ ಗಿರಣಿಗಳೂ ಇದೇ ಕೆಲಸಕ್ಕೆ ಬಳಸಿದವು. ನಮ್ಮ ನೇಕಾರರು ಯಾವ ಪ್ರಯೋಗಾಲಯವನ್ನೂ ಕಾಣದೆ ಅದನ್ನು ಕಂಡುಕೊಂಡಿದ್ದರು. ಹುಣಸೆ ಮರವಿಲ್ಲದ ಕಂಬಳಿಯ ಊರನ್ನು ನಾನು ನೋಡಿಲ್ಲ. ಹೊಸ ಕಂಬಳಿ ಹಲಗೆಯಂತೆ ಬಿರುಸಾಗಿರುವುದೂ ಈ ಗಂಜಿಯಿಂದಲೇ. ಆಮೇಲೆ ಗುಂಡಿ ಮಗ್ಗ, ಲಾಳಿ, ಅಂಚಿಗೆ ಒಂದೆರಡು ಬಿಳಿ ಪಟ್ಟೆ. ಕರಿ ಬಣ್ಣ ಕುರಿಯದೇ. ಬಣ್ಣದ ಅಂಗಡಿಗೆ ಕೊಡಬೇಕಾದದ್ದೇನೂ ಇಲ್ಲ.

ಒರಟುತನವೇ ಗುಣ

ಉಣ್ಣೆಯ ಬೆಲೆ ಕಟ್ಟುವವರು ಎಳೆಯ ದಪ್ಪವನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಸ್ವೆಟರ್ ಮತ್ತು ಸೂಟಿನ ಬಟ್ಟೆಗೆ ಬೇಕಾಗುವ ಮೆರಿನೊ ಕುರಿಯ ಎಳೆ 20 ಮೈಕ್ರಾನ್ ಆಸುಪಾಸು. ನಮ್ಮ ದಖನಿ ಕುರಿಯದು ಹೆಚ್ಚು ಕಡಿಮೆ ಅದರ ಎರಡರಷ್ಟು. ಈ ಅಳತೆಗೋಲು ಹಿಡಿದು ನೋಡಿದರೆ ನಮ್ಮ ಉಣ್ಣೆ ಕೀಳು. ಹತ್ತೊಂಬತ್ತನೆಯ ಶತಮಾನದ ನಡುವೆ, ಕಮಿಷನರ್ ಮಾರ್ಕ್ ಕಬ್ಬನ್ನರ ಕಾಲದಲ್ಲಿಯೇ, ಮೈಸೂರಿನ ಕುರಿಯನ್ನು ಸುಧಾರಿಸಲೆಂದು ಮೆರಿನೊ ಟಗರುಗಳನ್ನು ತರಿಸಿದ್ದರು. ಪ್ರಯತ್ನ ನೆಲೆ ನಿಲ್ಲಲಿಲ್ಲ. 1884ರಲ್ಲಿ ಬೆಂಗಳೂರಿನಲ್ಲಿ ಉಣ್ಣೆ, ಹತ್ತಿ, ರೇಷ್ಮೆಯ ಗಿರಣಿ ಹುಟ್ಟಿತು. ಎರಡು ವರ್ಷದ ಮೇಲೆ ಬಿನ್ನಿ ಕಂಪನಿಯ ಕೈಗೆ ಬಂತು. ದಂಡಿನವರಿಗೆ ಕಂಬಳಿ, ಖಾಕಿ ಒದಗಿಸಿತು. ಆ ಗಿರಣಿ ಈಗಿಲ್ಲ, ಬಿನ್ನಿಪೇಟೆ ಎಂಬ ಹೆಸರು ಉಳಿದಿದೆ.

ಆದರೆ ಮಳೆಯಲ್ಲಿ ನಾಟಿ ಮಾಡುವವನಿಗೆ ಸೂಟಿನ ಬಟ್ಟೆ ಬೇಕಿಲ್ಲ. ದಖನಿ ಉಣ್ಣೆಯಲ್ಲಿ ಬಹಳಷ್ಟು ಎಳೆಗಳ ನಡುವೆ ಟೊಳ್ಳು ಇರುತ್ತದೆ. ಅದರಲ್ಲೂ ಎಳೆಗಳ ಸಂದಿನಲ್ಲೂ ಗಾಳಿ ನಿಂತು ಮೈಕಾವು ಹೊರಗೆ ಹೋಗದಂತೆ ತಡೆಯುತ್ತದೆ. ಉಣ್ಣೆ ತನ್ನ ತೂಕದ ಶೇ. 30ರಷ್ಟು ತೇವವನ್ನು ಹೀರಿಯೂ ಮುಟ್ಟಿದರೆ ಒದ್ದೆ ಎನಿಸದು. ಹೀರುವಾಗ ಸ್ವಲ್ಪ ಕಾವನ್ನೂ ಬಿಡುತ್ತದೆ. ಉಣ್ಣೆಯ ಸಹಜ ಜಿಡ್ಡು ಮತ್ತು ದಟ್ಟ ನೇಯ್ಗೆ ಸೇರಿ ಹನಿ ಜಾರಿಹೋಗುತ್ತದೆ. ಕಿಡಿ ಬಿದ್ದರೆ ಕರಕಲಾಗುತ್ತದೆಯೇ ಹೊರತು ನೈಲಾನಿನ ಹಾಗೆ ಕರಗಿ ಮೈಗೆ ಅಂಟದು. ಮಲೆನಾಡಿನಲ್ಲಿ ಒಂದು ಮೂಲೆ ಮಡಿಸಿ ತಲೆಗೇರಿಸಿದ ಕಂಬಳಿ ಕೊಪ್ಪೆಯೇ ಮಳೆಗಾಲದ ಅಂಗಿಯಾಗಿತ್ತು. ಬಯಲುಸೀಮೆಯ ಕಂಬಳಿಗೆ ಮಲೆನಾಡಿನ ಗದ್ದೆ ತೋಟಗಳು ದೊಡ್ಡ ಗಿರಾಕಿಯಾಗಿದ್ದವು. ಪ್ಲಾಸ್ಟಿಕ್ ಬಂದಿತು, ಅಗ್ಗವಾಗಿ ಬಂದಿತು, ಗಿರಾಕಿ ತಪ್ಪಿತು. ಇದಕ್ಕೆ ಯಾರನ್ನೂ ದೂರಿ ಫಲವಿಲ್ಲ. ನೆನೆದ ಕಂಬಳಿ ಭಾರ, ಒಣಗಲು ಎರಡು ದಿನ ಬೇಕು.

ನನ್ನ ತಪ್ಪು

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಚಳ್ಳಕೆರೆಯ ದಿನಗಳಲ್ಲಿ ಒಬ್ಬ ಕುರಿಗಾರರು ಇದೇ ಪ್ರಶ್ನೆ ಕೇಳಿದ್ದರು. ನಾನು ಬೇಸಾಯದ ಪದವಿ ಓದಿದವನು, ಪಶುವೈದ್ಯನಲ್ಲ. ಆದರೂ ತಿಳಿದವನಂತೆ, "ಉಣ್ಣೆಯಿಂದ ಏನು ಬರುತ್ತದೆ ಯಜಮಾನರೆ, ಮಾಂಸಕ್ಕೆ ಬೆಲೆ ಇದೆ, ಬೇಗ ತೂಕ ಬರುವ ಉಣ್ಣೆಯಿಲ್ಲದ ಟಗರು ಬಿಡಿ" ಎಂದೆ. ಅವರು ಹಾಗೆಯೇ ಮಾಡಿದರು. ಮೊದಲ ಸಂತೆಯಲ್ಲಿ ಮರಿಗಳಿಗೆ ಒಳ್ಳೆಯ ಬೆಲೆಯೂ ಬಂತು. ನನಗೆ ಒಂದು ಹಂಡೆ ಮಜ್ಜಿಗೆ ಕಳಿಸಿದ್ದರು.

ಆರೇಳು ವರ್ಷದ ನಂತರ ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ಅವರನ್ನು ಕಂಡೆ. ಹಿಂಡಿನಲ್ಲಿ ಕತ್ತರಿ ಹಾಕುವಂಥ ಕುರಿ ನಾಲ್ಕೈದು ಉಳಿದಿದ್ದವು. ಲೆಕ್ಕ ಸರಳವಾದದ್ದು. ಒಂದು ಟಗರು ಇಪ್ಪತ್ತೈದು ಮೂವತ್ತು ಕುರಿಗಳಿಗೆ ಸಾಕು. ಹೊರಗಿನ ತಳಿಯ ಟಗರನ್ನೇ ಬಿಡುತ್ತ ಹೋದರೆ ಮೊದಲ ತಲೆಮಾರಿನಲ್ಲಿ ಅರ್ಧ, ಎರಡನೆಯದರಲ್ಲಿ ಮುಕ್ಕಾಲು, ಮೂರನೆಯದರಲ್ಲಿ ಎಂಟರಲ್ಲಿ ಏಳು ಪಾಲು ರಕ್ತ ಹೊರಗಿನದಾಗುತ್ತದೆ. ಕುರಿಯ ಮೂರು ತಲೆಮಾರಿಗೆ ಆರೇಳು ವರ್ಷ ಸಾಕು. "ಮಾಗಿ ಚಳಿಗೆ, ಸೋನೆ ಮಳೆಗೆ ಬಯಲಾಗೆ ಮಂದೆ ನಿಲ್ಸಿದ್ರೆ ಇವು ನಡುಗ್ತವೆ ಸಾಹೇಬ್ರೆ. ಹಳೇವು ನಡುಗ್ತಿರಲಿಲ್ಲ" ಎಂದರು ಯಜಮಾನರು. ನನ್ನನ್ನು ಬೈಯಲಿಲ್ಲ. ಪಕ್ಕದ ಮನೆಯಲ್ಲಿ ರಾಟೆಯ ಅಜ್ಜಿ ತೀರಿಕೊಂಡಿದ್ದರು. ಅವರ ಮಗ ಮಗ್ಗದ ಗುಂಡಿ ಮುಚ್ಚಿ ಅದರ ಮೇಲೆ ಬೈಕ್ ನಿಲ್ಲಿಸಿದ್ದ. ಉಣ್ಣೆ ಕೇಳುವವರಿಲ್ಲವೆಂದು ಕುರಿ ಬದಲಾಯಿತು. ಈಗ ಒಬ್ಬಿಬ್ಬರು ಕೇಳಿಕೊಂಡು ಬಂದರೆ ಕೊಡಲು ಒಳ್ಳೆಯ ಕರಿ ಉಣ್ಣೆ ಇಲ್ಲ.

ಇದು ಒಂದೂರಿನ ಕಥೆಯಲ್ಲ. 2012ರಿಂದ 2019ರ ಜಾನುವಾರು ಗಣತಿಗೆ ಬರುವಷ್ಟರಲ್ಲಿ ದೇಶದ ಕುರಿಗಳ ಸಂಖ್ಯೆ ಸುಮಾರು 6.5 ಕೋಟಿಯಿಂದ 7.4 ಕೋಟಿಗೆ ಏರಿತು. ಕರ್ನಾಟಕದಲ್ಲಿ 2019ರಲ್ಲಿ ಸುಮಾರು 1.11 ಕೋಟಿ ಕುರಿಗಳಿದ್ದವು. ಕುರಿ ಹೆಚ್ಚಿದರೆ ಉಣ್ಣೆ ಹೆಚ್ಚಬೇಕಷ್ಟೆ? ಆದದ್ದು ಬೇರೆ. 2014-15ರಲ್ಲಿ ದೇಶದ ಉಣ್ಣೆ ಸುಮಾರು 4.8 ಕೋಟಿ ಕಿಲೋ ಇದ್ದದ್ದು 2022-23ಕ್ಕೆ ಸುಮಾರು 3.4 ಕೋಟಿ ಕಿಲೋಗೆ ಇಳಿಯಿತು.

ಏನು ಮಾಡಬಹುದು?

ಮಾಂಸದ ಲಾಭ ಬಿಟ್ಟು ಉಣ್ಣೆಗಾಗಿಯೇ ಕುರಿ ಸಾಕಿರೆಂದು ನಾನು ಹೇಳಲಾರೆ. ಕೆಂಗುರಿ, ಬಂಡೂರು ಮುಂತಾದ ಉಣ್ಣೆಯಿಲ್ಲದ ತಳಿಗಳು ತಮ್ಮ ತಮ್ಮ ಸೀಮೆಯಲ್ಲಿ ಒಳ್ಳೆಯವೇ. ಆದರೆ ವರ್ಷದ ಬಹುಕಾಲ ಬಯಲಲ್ಲೇ ಇರುವ, ಊರೂರು ತಿರುಗಿ ಹೊಲಗಳಲ್ಲಿ ಮಂದೆ ನಿಲ್ಲಿಸುವ ಹಿಂಡಿನವರು ಟಗರು ಬದಲಿಸುವ ಮೊದಲು ಎರಡು ಸಲ ಯೋಚಿಸಬೇಕು. ತಮ್ಮದೇ ಹಿಂಡಿನ, ಇಲ್ಲವೇ ನೆರೆಯ ಹಿಂಡಿನ, ಮೈಕಟ್ಟು ಚೆನ್ನಾಗಿರುವ ಕರಿ ದಖನಿ ಟಗರು ಮರಿಗಳನ್ನು ಒಂದೆರಡು ಉಳಿಸಿಕೊಂಡರೆ ಮಾಂಸದ ತೂಕವನ್ನೂ ಆಯ್ಕೆಯಿಂದಲೇ ಹೆಚ್ಚಿಸಿಕೊಳ್ಳಲು ಸಾಧ್ಯ. ಒಳಸಂಬಂಧ ಆಗದಂತೆ ಎರಡು ವರ್ಷಕ್ಕೊಮ್ಮೆ ಟಗರನ್ನು ನೆರೆಯವರೊಡನೆ ಅದಲು ಬದಲು ಮಾಡಿಕೊಳ್ಳಿ. ಈ ವಿಷಯದಲ್ಲಿ ನನ್ನ ಮಾತಿಗಿಂತ ನಿಮ್ಮೂರ ಪಶುವೈದ್ಯರ ಮಾತು ಹೆಚ್ಚು. ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದವರನ್ನೂ ಕೇಳಬಹುದು.

ಉಣ್ಣೆ ಮಾರುವ ಆಸೆಯಿದ್ದರೆ ತೊಳೆಯದ, ಬಣ್ಣ ಬೆರೆತ, ಜಾಲಿ ಮುಳ್ಳು ತುಂಬಿದ ಮೂಟೆಯನ್ನು ಒಬ್ಬೊಬ್ಬರೇ ಹೊತ್ತೊಯ್ಯಬೇಡಿ. ನಾಲ್ಕಾರು ಹಿಂಡಿನವರು ಕೂಡಿ, ತೊಳೆದು ಕತ್ತರಿಸಿ, ಕರಿಯನ್ನೂ ಮರಿಯುಣ್ಣೆಯನ್ನೂ ಬೇರೆ ಕಟ್ಟಿದರೆ ಕೊಳ್ಳುವವನೊಡನೆ ಮಾತಾಡಲು ಒಂದು ದಾರಿಯಾದೀತು. ಜಯನಗರ, ಜೆ.ಪಿ. ನಗರದಂಥ ಬಡಾವಣೆಗಳ ಜನ ಮನೆಗೆ ನೆಲಹಾಸು, ಕೈಚೀಲ, ದಿಂಬಿನ ಕವಚ ಎಂದು ಕೈಮಗ್ಗದ ಉಣ್ಣೆ ಬಟ್ಟೆಗೆ ಹಣ ಕೊಡುತ್ತಾರೆ. ಅವರು ಕೇಳುವುದು ಶುದ್ಧ ಉಣ್ಣೆಯನ್ನು, ಚೊಕ್ಕ ಕೆಲಸವನ್ನು. ಎಲ್ಲರಿಗೂ ಈ ಮಾರುಕಟ್ಟೆ ಸಿಗುತ್ತದೆಂದು ಆಸೆ ಹಚ್ಚುವುದಿಲ್ಲ.

ಏನೂ ಮಾರಾಟವಾಗದಿದ್ದರೂ ಬೇಲಿಗೆ ಎಸೆಯುವುದು ಮಾತ್ರ ಶುದ್ಧ ನಷ್ಟ. ಇದು ನನ್ನ ವಿಷಯವಾದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ಶುದ್ಧ ಉಣ್ಣೆಯ ತೂಕದಲ್ಲಿ ಶೇ. 16ರಷ್ಟು ಸಾರಜನಕವಿದೆ, ಕೊಟ್ಟಿಗೆ ಗೊಬ್ಬರದಲ್ಲಿರುವುದು ಶೇ. ಅರ್ಧದಷ್ಟು. ಉಣ್ಣೆಯಲ್ಲಿ ಗಂಧಕವೂ, ತೊಳೆಯದ ಉಣ್ಣೆಗೆ ಅಂಟಿದ ಬೆವರಿನಲ್ಲಿ ಪೊಟ್ಯಾಷೂ ಉಂಟು. ಮಣ್ಣಿನಲ್ಲಿ ಇದು ನಿಧಾನವಾಗಿ ಕೊಳೆಯುವುದರಿಂದ ರಾಗಿ, ಜೋಳಕ್ಕೆ ಅಷ್ಟು ಒದಗದು. ಮಾವು, ತೆಂಗು, ದಾಳಿಂಬೆ, ನಿಂಬೆಯ ಬುಡಕ್ಕೆ ಒಳ್ಳೆಯದು. ಪಾತಿಯಲ್ಲಿ ಕಾಂಡಕ್ಕೆ ತಾಗದಂತೆ ಸುತ್ತ ಹರಡಿ ಮೇಲೆ ಮಣ್ಣೆಳೆಯಿರಿ. ಗಾಳಿಗೆ ಹಾರದು, ತೇವವನ್ನೂ ಹಿಡಿದಿಡುತ್ತದೆ. ಒಂದು ಎಚ್ಚರಿಕೆ: ಇದ್ದಕ್ಕಿದ್ದಂತೆ ಸತ್ತ ಕುರಿಯ ಉಣ್ಣೆಯನ್ನು ಎಂದಿಗೂ ಕತ್ತರಿಸಬಾರದು, ಬಳಸಬಾರದು. ನೆರಡಿ ರೋಗವಾಗಿದ್ದರೆ ಅದರ ಬೀಜಾಣು ಉಣ್ಣೆಯ ಮೂಲಕ ಮನುಷ್ಯನಿಗೂ ತಗಲುತ್ತದೆ, ಮಣ್ಣಿನಲ್ಲಿ ಹತ್ತಾರು ವರ್ಷ ಜೀವ ಹಿಡಿದಿರುತ್ತದೆ. ಅಂಥ ಹೆಣವನ್ನು ಸುಲಿಯದೆ ಪಶುವೈದ್ಯರಿಗೆ ತಿಳಿಸಿ.

ಮನೆಯಲ್ಲಿ ಹಳೆಯ ಕಂಬಳಿ ಇದ್ದವರು ಅದನ್ನು ವರ್ಷಕ್ಕೆರಡು ಸಲ ಬಿಸಿಲಿಗೆ ಹಾಕಿ, ಕೊಡವಿ, ಒಣಗಿದ ಬೇವಿನ ಎಲೆ ಇಟ್ಟು ಮಡಿಸಿಡಿ. ಹುಣಸೆ ಗಂಜಿಗೆ ಇಲಿಯೂ ಉಣ್ಣೆಗೆ ನುಸಿಯೂ ಬೀಳುತ್ತವೆ. ಬಿಸಿನೀರಿನಲ್ಲಿ ಒಗೆದರೆ ಕುಗ್ಗುತ್ತದೆ.

ಕಾವಲಿನ ಹುಡುಗನ ತಂದೆಯೊಡನೆ ಹೋದ ವಾರ ಫೋನಿನಲ್ಲಿ ಮಾತಾಡಿದೆ. ನನ್ನ ಚಳ್ಳಕೆರೆಯ ತಪ್ಪನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ಕರಿ ಮರಿ ಅದಾವ್ರಿ, ಬಕ್ರೀದಿಗೆ ಮಾರಬೇಕಂತ ಮಾಡಿದ್ದೆ. ಒಂದನ್ನ ಇಟ್ಕೊಂತೀನಿ, ಇನ್ನೊಂದನ್ನ ಮಾರಾಕ ಬೇಕು, ರೊಕ್ಕದ ಅಡಚಣಿ ಐತಿ" ಎಂದರು. ಉಳಿದ ಮರಿಯ ಮೊದಲ ಕತ್ತರಿ ಮಳೆಗಾಲ ಕಳೆದ ಮೇಲಂತೆ. ಆ ಉಣ್ಣೆಯನ್ನು ಬೇರೆ ಇಡಿ ಎಂದು ಹೇಳಿದ್ದೇನೆ.